ಅವ್ವನ ಬಂಗಿಗೆ ಸಿಕ್ಕ ಔಷಧ

ಮದುವೆಯಾಗಿ ಇಚಲಕರಂಜಿಗೆ ಬಂದ ಮೂರನೆಯ ವರ್ಷ ನನ್ನ ಕೆನ್ನೆಯ ಮೇಲೆ ಮೊಡವೆಯ ಕಪ್ಪು ಕಲೆಗಳು ಉಳಿದುಬಿಟ್ಟಿದ್ದವು. ಮೊಬೈಲಿನಲ್ಲಿ ನೋಡಿ ಗ್ಲೈಕಾಲಿಕ್ ಆಸಿಡ್ಡಿನ ಬಾಟಲಿ ತರಿಸಿದೆ. ಮೇಲಿನ ಸತ್ತ ಚರ್ಮವನ್ನು ಸಡಿಲಿಸಿ ತೆಗೆಯುವ ದ್ರಾವಣ ಅದು. ವಾರಕ್ಕೊಮ್ಮೆ ಹಚ್ಚಿರಿ ಎಂದು ಬರೆದಿತ್ತು. ನಾದಿನಿಯ ನಿಶ್ಚಯ ಹತ್ತಿರ ಬಂದಿತ್ತಲ್ಲ, ನಾನು ದಿನಾ ಹಚ್ಚಿದೆ. ಐದನೆಯ ದಿನ ಕೆನ್ನೆಗೆ ಖಾರ ತಿಕ್ಕಿದಂಥ ಉರಿ. ಸಿಪ್ಪೆ ಎದ್ದು ಮಾಯುವಷ್ಟರಲ್ಲಿ ಕಲೆ ಮೊದಲಿಗಿಂತ ಕಪ್ಪಾಗಿತ್ತು.

ಅತ್ತೆ ಫೋನಿನಲ್ಲಿ ಅವ್ವನಿಗೆ ಸುದ್ದಿ ಮುಟ್ಟಿಸಿದರು. ಮರುದಿನವೇ ನನ್ನ ತವರೂರು ನೂಲಿನಿಂದ ಅವ್ವ ಹೊರಟು ಬಂದಳು. ಇಬ್ಬರೂ ಕೊಲ್ಹಾಪುರದ ಚರ್ಮದ ಡಾಕ್ಟರಬಾಯಿಯ ಹತ್ತಿರ ಹೋದೆವು.

"ಆಸಿಡ್ಡು, ಸ್ಕ್ರಬ್ಬು, ಲಿಂಬಿಹಣ್ಣು, ಎಲ್ಲಾ ಬಂದ್ ಮಾಡ್ರಿ" ಅಂದರು ಅವರು. "ನಾ ಹೇಳೂತನಕಾ ಬರೇ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ನಿಮ್ಮಂಥಾ ನಾಜೂಕ ಚರ್ಮ ಉರದಷ್ಟೂ ಕಪ್ಪ ಆಗತೈತಿ."

ಆಮೇಲೆ ಅವರ ಕಣ್ಣು ಅವ್ವನ ಕೆನ್ನೆಯ ಕಂದು ಮಚ್ಚೆಗಳ ಮೇಲೆ ನಿಂತಿತು. "ಈ ವಾಂಗ ಎಷ್ಟ ವರ್ಷದ್ದರಿ, ಆಯಿ?"

"ಬಂಗೇನ್ರಿ? ಇಕಿ ಹೊಟ್ಯಾಗಿದ್ದಾಗಿಂದ ಐತ್ರಿ. ನಾ ಇಕೀ ಜೋಡಿ ಬಂದೇನ್ರಿ, ನನಗೇನ ಬ್ಯಾಡ್ರಿ." ಹಾಗೆನ್ನುತ್ತಲೇ ಅವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದಳು.

ಡಾಕ್ಟರರು ಸೌಮ್ಯವಾದ ಲ್ಯಾಕ್ಟಿಕ್ ಆಸಿಡ್ ಬರೆದುಕೊಟ್ಟರು. ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಮೂರು ದಿನ ನೋಡಬೇಕು. ಉರಿ, ಕೆಂಪು ಇಲ್ಲದಿದ್ದರೆ ವಾರಕ್ಕೊಂದೇ ಸಂಜೆ ಮುಖಕ್ಕೆ. ಬಿಸಿಲಿಗೆ ಹೋಗುವ ಮುಂಚೆ ಸನ್‌ಸ್ಕ್ರೀನ್, ಎರಡು ತಾಸಿಗೊಮ್ಮೆ ಮತ್ತೆ. ಮೊಸರಿನಲ್ಲಿರುವ ಹುಳಿಯೇ ಇದು ಎಂದಾಗ ಅವ್ವ ಕೇಳಿದಳು, "ಹಂಗಾರ ಮಜ್ಜಿಗಿನ ಹಚ್ಕೊಂಡ್ರ ನಡಿಯೂದಿಲ್ಲೇನ್ರಿ?"

"ಮಜ್ಜಿಗಿ ಕುಡೀರಿ, ಆಯಿ! ಅದರಾಗ ಹುಳಿ ಎಷ್ಟೈತಿ ಅಂತ ಯಾರಿಗೆ ಗೊತ್ತು?"

ಬಸ್ಸಿನಲ್ಲಿ ಅವ್ವ ಚೀಲ ತೆಗೆದು ತೆಗೆದು ಬಾಟಲಿ ನೋಡಿದಳು. ಔಷಧಕ್ಕೆಂದು ಹೋದವಳು ನಾನು, ಔಷಧ ಸಿಕ್ಕಿದ್ದು ಅವಳಿಗೆ. ನನಗೆ ನಗು ತಡೆಯಲಾಗಲಿಲ್ಲ. "ಯಾಕ ನಗತಿ? ನಿನಗ ಅವಸರ ಭಾಳ, ಅದಕ್ಕ ಕೊಟ್ಟಿಲ್ಲ" ಅಂದಳು.

ಅವಳಿಗೆ ಅವಸರವೇ ಇರಲಿಲ್ಲ. ಕಿವಿಯ ಹಿಂದೆ ಹನಿ ಹಚ್ಚಿ ಮೂರು ದಿನವಲ್ಲ, ಎಂಟು ದಿನ ಕಾದಳು. ನಾನೂ ಕಾಯುವುದನ್ನು ಕಲಿತೆ; ಎರಡು ತಿಂಗಳಿಗೆ ನನ್ನ ಉರಿ ಹೋಗಿ ಕಲೆ ತಿಳಿಯಾಗತೊಡಗಿತು.

ದೀಪಾವಳಿಗೆ ಮುಂಚೆ ತವರಿಗೆ ಹೋದಾಗ ಅವ್ವ ಹೊಲದಲ್ಲಿ ಶೇಂಗಾ ಕೀಳಿಸುತ್ತಿದ್ದಳು. ಬಂಗು ಪೂರ್ತಿ ಹೋಗಿರಲಿಲ್ಲ, ಆದರೆ ಅಂಚು ಮಾಸಿ ಹಗುರಾಗಿತ್ತು. ಕೆಲಸದ ಮೂವರು ಹೆಂಗಸರು ಅವಳನ್ನು ಸುತ್ತುವರಿದಿದ್ದರು.

"ಅಕ್ಕಾರ, ನಮಗೂ ಒಂದೀಟ ಆ ಆಸಿಡ್ ಕೊಡ್ರಿ."

"ಅದು ನನ್ನ ಚರ್ಮಕ್ಕ ಬರದ ಕೊಟ್ಟದ್ದು. ನಿಮ್ಮದು ಹ್ಯಾಂಗೈತೋ ಡಾಕ್ಟರ್‌ಗೆ ತೋರಸ್ರಿ. ಇದನ್ನ ಹಚ್ಕೋರಿ, ಇದು ಎಲ್ಲಾರಿಗೂ ನಡಿತೈತಿ" ಎಂದು ಅವ್ವ ಸನ್‌ಸ್ಕ್ರೀನ್ ಟ್ಯೂಬ್ ಹಿಂಡಿದಳು. ತಿಕ್ಕಲು ಬಾರದೆ ಮೂವರ ಮುಖವೂ ಬೆಳ್ಳಗೆ ಸುಣ್ಣ ಬಳಿದ ಹಾಗಾಯಿತು. ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಬದುವಿನ ಮೇಲೆಯೇ ಕುಳಿತುಬಿಟ್ಟರು. ನಾನೂ ಹೋಗಿ ಅವರ ನಡುವೆ ಮುಖವೊಡ್ಡಿ ಕುಳಿತೆ.