ಅವಳು ಹೇಳಿದ್ದು, ನಾನು ಬರೆದದ್ದು

ಪರೀಕ್ಷೆಗೆ ಇಪ್ಪತ್ತು ನಿಮಿಷ ಇರುವಾಗಲೂ ಅವಳು ಬಂದಿರಲಿಲ್ಲ. ಮಂಗಳೂರಿನ ಫಳ್ನೀರಿನಲ್ಲಿರುವ ಕಾಲೇಜಿನ ಗೇಟಿನ ಬಳಿ ನಾನು ಎರಡು ಪೆನ್ನು, ಗುರುತಿನ ಚೀಟಿ, ಒಪ್ಪಿಗೆ ಪತ್ರ ಹಿಡಿದು ನಿಂತಿದ್ದೆ. ಪರೀಕ್ಷೆ ಅವಳದ್ದು, ಬರೆಯುವ ಕೈ ನನ್ನದು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಎಂ.ಎ. ಇತಿಹಾಸದಲ್ಲಿ ಒಂದೇ ಪೇಪರ್ ಬಾಕಿ ಇತ್ತು. ಅದಕ್ಕೆ ಇದು ಕೊನೆಯ ಅವಕಾಶ, ಇದು ಹೋದರೆ ಓದಿದ ವರ್ಷಗಳೆಲ್ಲ ಹೋದಂತೆ. ಹಿಂದಿನ ಸಲ ಬರೆಯಲು ಒಪ್ಪಿದ್ದವರು ಪರೀಕ್ಷೆಯ ಬೆಳಿಗ್ಗೆ ಫೋನ್ ಎತ್ತಿರಲಿಲ್ಲ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆಂಟು ವರ್ಷ ಇತರರ ಬರಹ ತಿದ್ದಿ ನಿವೃತ್ತಳಾದವಳು. ಓದಿದ್ದು ಬಿ.ಕಾಂ. ಬರೆಯುವವರು ಅಭ್ಯರ್ಥಿಗಿಂತ ಕಡಿಮೆ ಓದಿರಬೇಕು, ಆ ವಿಷಯ ಗೊತ್ತಿರಬಾರದು ಎಂಬ ನಿಯಮಕ್ಕೆ ನಾನು ಸರಿಯಾಗಿ ಹೊಂದುತ್ತಿದ್ದೆ.

ಒಂದು ವಾರ ಮೊದಲು ಅಭ್ಯಾಸಕ್ಕೆಂದು ಅವಳು ಕುಲಶೇಖರದ ನನ್ನ ಮನೆಗೆ ಬಂದಿದ್ದಳು. ಕರೆತಂದವನು ಅವಳ ಗೆಳೆಯ. ಪೋಲಿಯೊದಿಂದ ಅವನ ಎರಡೂ ಕಾಲುಗಳು ಸೋತಿವೆ. ಹಿಂಬದಿಗೆ ಎರಡು ಹೆಚ್ಚುವರಿ ಚಕ್ರ ಹಾಕಿಸಿದ ಸ್ಕೂಟರಿನಲ್ಲಿ ಊರಿಡೀ ಓಡಾಡುತ್ತಾನೆ, ಪರೀಕ್ಷೆ ಬರೆದುಕೊಡುವವರ ಪಟ್ಟಿ ಇಟ್ಟುಕೊಂಡಿದ್ದಾನೆ. ಅವಳು ತನ್ನ ಕ್ರಮ ವಿವರಿಸಿದಳು. ಒಂದು ಅಂಶ ಹೇಳಿ ಮುಗಿದಾಗ ಮೇಜಿನ ಮೇಲೆ ಒಮ್ಮೆ ತಟ್ಟುತ್ತಾಳೆ. ಅದನ್ನು ಬರೆದು ಮುಗಿಸಿದ ಮೇಲೆ ನಾನೂ ಒಮ್ಮೆ ತಟ್ಟಬೇಕು. ಆಮೇಲೆಯೇ ಮುಂದಿನದು.

“ಅದೆಲ್ಲ ಬೇಡ. ವರದಿಗಾರರು ಫೋನಿನಲ್ಲಿ ಹೇಳಿದ್ದನ್ನು ನಾನು ಎಷ್ಟು ಬರೆದುಕೊಂಡಿಲ್ಲ! ಸುಮ್ಮನೆ ಹೇಳ್ತಾ ಹೋಗು,” ಅಂದೆ.

“ಪೇಪರಿನವರಲ್ವಾ ಮಾರಾಯ್ತಿ,” ಅಂದ ಗೆಳೆಯ. “ನಾವು ಹೇಳಿದ್ದೊಂದು ಬಿಟ್ಟು ಬಾಕಿ ಎಲ್ಲ ಬರೀತಾರೆ.”

ಮೂವರೂ ನಕ್ಕೆವು. ನಾನು ಆ ಮಾತನ್ನೂ ತಟ್ಟುವ ಕ್ರಮವನ್ನೂ ಅಲ್ಲೇ ಬಿಟ್ಟೆ.

ಈಗ ಗೇಟಿನ ಬಳಿ ನನ್ನ ಫೋನ್ ರಿಂಗಾಯಿತು. ಅವನೇ. ತೊಕ್ಕೊಟ್ಟಿನಿಂದ ಬೇಗ ಹೊರಟರೂ ನೇತ್ರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತಿತ್ತಂತೆ. “ಈಗ ಬಿಟ್ರು. ಬರ್ತೇವೆ. ನೀವು ಒಳಗೆ ಹೋಗಿ ರೂಮ್ ಎಲ್ಲಿ ಉಂಟು ನೋಡಿ ಇಡಿ.” ರೂಮ್ ನೋಡಿಕೊಂಡು ಗೇಟಿಗೆ ಮರಳಿದೆ. ಗಂಟೆ ಹೊಡೆಯಲು ಮೂರು ನಿಮಿಷ ಇರುವಾಗ ಸ್ಕೂಟರು ಬಂತು. ಅವಳು ನನ್ನ ಮೊಣಕೈ ಹಿಡಿದಳು. ನಾನು ಓಡಲು ನೋಡಿದೆ. “ನಿಧಾನ ಅಕ್ಕ. ಬಿದ್ರೆ ಇಬ್ಬರೂ ಬೀಳುದು,” ಅಂದಳು.

ನಮಗೆ ನೆಲಮಹಡಿಯಲ್ಲಿ ಪ್ರತ್ಯೇಕ ಕೋಣೆ ಕೊಟ್ಟಿದ್ದರು. ಮೇಲ್ವಿಚಾರಕರೊಬ್ಬರು ಬಾಗಿಲ ಬಳಿ ಕುಳಿತಿದ್ದರು. ನಾನು ಪ್ರಶ್ನೆ ಓದಿದೆ, ಅವಳು ಹೇಳಿದಳು, ನಾನು ಬರೆದೆ. ಮೊದಲ ಎರಡು ಉತ್ತರ ಮುಗಿದವು. ಮೂರನೆಯದು ಕರಾವಳಿಯ ಹೆಂಚು ಉದ್ಯಮ ಕುಸಿಯಲು ಕಾರಣಗಳೇನು ಎಂಬುದು. ಅವಳು ಬೇಗ ಬೇಗ ಹೇಳುತ್ತಿದ್ದಳು. ಗಡಿಯಾರ ಗೋಡೆಯ ಮೇಲೆ ನನ್ನ ಎದುರಿಗೇ ಇತ್ತು. ಮುಗಿಸಿ ಅವಳೆಂದಳು, “ಇದೊಂದನ್ನು ಓದಿ ಹೇಳಿ.”

ಓದಿದೆ. ಅವಳು ಬೆರಳು ಮಡಚಿ ಎಣಿಸಿದಳು.

“ನಾನು ಐದು ಕಾರಣ ಹೇಳಿದೆ ಅಕ್ಕ. ನೀವು ನಾಲ್ಕು ಓದಿದಿರಿ.”

ಉತ್ತರವನ್ನು ಮತ್ತೆ ನೋಡಿದೆ. ಅವಳು ಜೇಡಿಮಣ್ಣಿನ ಕೊರತೆಯನ್ನೂ ಸೌದೆಯ ಬೆಲೆಯನ್ನೂ ಬೇರೆ ಬೇರೆಯಾಗಿ ಹೇಳಿದ್ದಳು. ನಾನು ಎರಡನ್ನೂ ಸೇರಿಸಿ ‘ಕಚ್ಚಾವಸ್ತುಗಳ ಅಭಾವ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಬೇಕೆಂದು ಮಾಡಿದ್ದಲ್ಲ. ಮಾಡಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಉದ್ದದ ವರದಿಯನ್ನು ಮೂರು ಪ್ಯಾರಾಕ್ಕೆ ಇಳಿಸುತ್ತಿದ್ದ ಕೈ ಅದರಷ್ಟಕ್ಕೇ ಇಳಿಸಿತ್ತು.

ಹೇಳಿದೆ. ಅವಳ ದನಿ ಏರಲಿಲ್ಲ. “ಸೌದೆ ಕಚ್ಚಾವಸ್ತುವಾ ಅಕ್ಕ? ಹೆಂಚು ಮಾಡುದು ಮಣ್ಣಿನಲ್ಲಿ. ಸೌದೆ ಉರಿಸುದು.” ಮತ್ತೆ, “ಮೊದಲಿನ ಎರಡರಲ್ಲೂ ಹೀಗೆ ಕಟ್ ಮಾಡಿದ್ದೀರಾ?”

“ಗೊತ್ತಿಲ್ಲ,” ಅಂದೆ. ಅದು ನಿಜ. ಆ ಕ್ಷಣದ ಹೆದರಿಕೆ ಇವತ್ತೂ ನೆನಪಿದೆ. ಬೆರಳು ಬೆವತು ಪೆನ್ನು ಜಾರುತ್ತಿತ್ತು. ಉತ್ತರ ಪತ್ರಿಕೆಯಲ್ಲಿ ಇದ್ದುದು ಎಷ್ಟು ಅವಳದ್ದು, ಎಷ್ಟು ನನ್ನದು ಎಂದು ನನಗೇ ಹೇಳಲಾಗುತ್ತಿರಲಿಲ್ಲ. ಅದನ್ನು ಅವಳು ನೋಡಲಾರಳು. ಬೇರೆ ಯಾರನ್ನಾದರೂ ಕರೆಸೋಣವೇ ಎಂದು ಪಿಸುಗುಟ್ಟಿದೆ.

“ಈಗ ಯಾರನ್ನು ಕರೆಸುದು ಮಾರಾಯ್ರೆ? ಬಾಟಲಿಯಲ್ಲಿ ನೀರು ಉಂಟು, ಕುಡೀರಿ. ಕೈ ಒರೆಸಿಕೊಳ್ಳಿ, ಪೇಪರ್ ಒದ್ದೆಯಾದೀತು. ಎರಡು ನಿಮಿಷ ಸುಮ್ಮನೆ ಕೂತ್ಕೊಳ್ಳಿ.”

ಆ ಎರಡು ನಿಮಿಷ ಅವಳ ಸಮಯದಿಂದ ಹೋಗುತ್ತಿತ್ತು. ಅವಳು ಕೈ ಕಟ್ಟಿ ಕುಳಿತಳು. ನಾನು ನೀರು ಕುಡಿದೆ, ಸೆರಗಿನಲ್ಲಿ ಕೈ ಒರೆಸಿದೆ. ನನ್ನ ಉಸಿರು ಸರಿಹೋದದ್ದು ಅವಳಿಗೆ ಕೇಳಿಸಿರಬೇಕು. ಮೇಜಿನ ಮೇಲೆ ಬೆರಳಿಟ್ಟು, “ಇನ್ನು ತಟ್ಟುವಾ?” ಅಂದಳು.

ಮೊದಲ ಎರಡು ಉತ್ತರಗಳನ್ನು ಓದಿದೆ. ಒಂದರಲ್ಲಿ ಉದಾಹರಣೆಯೊಂದು ಮಾಯವಾಗಿತ್ತು. ಹೊಡೆದುಹಾಕಿ ಹೊಸದಾಗಿ ಬರೆಯಲು ಹೊತ್ತಿರಲಿಲ್ಲ. ಆಯಾ ಉತ್ತರದ ಕೆಳಗಿನ ಖಾಲಿ ಜಾಗದಲ್ಲಿ ಬಿಟ್ಟುಹೋದದ್ದನ್ನು ಸೇರಿಸುವಂತೆ ಅವಳು ಹೇಳಿದಳು. ಮೂರನೆಯದರ ಕೆಳಗೆ ಸೌದೆ ಬೇರೆಯೇ ಕಾರಣವಾಗಿ ಬಂತು. ಆಮೇಲೆ ಅವಳು ತಟ್ಟಿದಾಗ ನಾನು ಬರೆದೆ, ನಾನು ತಟ್ಟಿದಾಗ ಅವಳು ಹೇಳಿದಳು. ಬಾಗಿಲ ಬಳಿಯ ಮೇಲ್ವಿಚಾರಕರು ಎರಡು ಸಲ ತಲೆಯೆತ್ತಿ ನೋಡಿದರು. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬೇಕು ಎಂದು ನಾನು ನಿರ್ಧರಿಸಬೇಕಾಗಿರಲಿಲ್ಲ. ಕೊನೆಯ ಪ್ರಶ್ನೆಯ ಅರ್ಧದಲ್ಲಿ ಗಂಟೆ ಹೊಡೆಯಿತು. ಅವಳು ತಟ್ಟಿದ್ದಳು, ನನಗೆ ತಟ್ಟಲಾಗಲಿಲ್ಲ.

ಹೊರಗೆ ಗೆಳೆಯ ಕೇಳಿದ, “ಹೇಗಾಯ್ತು?”

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, “ಕೊನೆಯದು ಅರ್ಧ ಉಳಿಯಿತು. ಟೈಮ್ ಸಾಲಲಿಲ್ಲ.” ಅಷ್ಟೇ. ಏಕೆ ಸಾಲಲಿಲ್ಲ ಎಂದು ಹೇಳಲಿಲ್ಲ. ಹೇಳಿದ್ದು ನಾನು, ಅಲ್ಲೇ ಸ್ಕೂಟರಿನ ಪಕ್ಕದಲ್ಲಿ ನಿಂತು. ಅವನು ಈ ಸಲ ಜೋಕ್ ಮಾಡಲಿಲ್ಲ.

ಫಲಿತಾಂಶ ಬರುವವರೆಗೆ ಆ ಅರ್ಧ ಉತ್ತರ ನನ್ನ ತಲೆಯಿಂದ ಇಳಿಯಲಿಲ್ಲ. ಒಂದು ಮಧ್ಯಾಹ್ನ ಅವಳ ಫೋನ್ ಬಂತು. “ಊಟ ಆಯ್ತಾ ಅಕ್ಕ?” ಆಗಿಲ್ಲ ಅಂದೆ. “ಹಾಗಾದ್ರೆ ಮಾಡಿ. ಪಾಸ್. ಅಂಚಿನಲ್ಲಿ, ಆದರೂ ಪಾಸ್.”

ನಾನು ಕುರ್ಚಿಯಲ್ಲಿ ಕುಳಿತೆ. ಅವಳು ಮುಂದುವರಿಸಿದಳು, “ನಿಮ್ಮ ಹೆಸರು ಪಟ್ಟಿಯಿಂದ ತೆಗೀಬೇಕಾ ಅಂತ ಅವ ಕೇಳಿದ. ಬೇಡ ಅಂದೆ. ಮುಂದಿನ ತಿಂಗಳು ಇನ್ನೊಬ್ಬಳಿಗೆ ಪರೀಕ್ಷೆ ಉಂಟು. ಬರ್ತೀರಾ?”

“ಅವಳ ಕ್ರಮ ಎಂಥದ್ದು? ಅದನ್ನು ಮೊದಲು ಹೇಳು,” ಅಂದೆ.