ಮೂಲೆಮನೆ ಆಂಟಿ ಬಿಟ್ಟುಕೊಟ್ಟ ಮೂಲೆ

ಹೋದ ವಾರ ಪಾಲಿಕೆಯವರು ನಮ್ಮ ಕ್ರಾಸಿಗೆ ಬಿಳಿ ಪಟ್ಟೆ ಬಳಿಯಲು ಬಂದಿದ್ದರು. ಬಣ್ಣವನ್ನು ಡ್ರಮ್ಮಿನಲ್ಲಿ ಕುದಿಸಿ, ತಳ್ಳುಗಾಡಿಯಂಥದ್ದಕ್ಕೆ ತುಂಬಿಕೊಂಡು ರಸ್ತೆಯ ಮೇಲೆ ಎಳೆಯುತ್ತಾರೆ. ಆ ಕಾದ ಬಣ್ಣದ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಗ್ಗರಣೆಗೆ ಎಣ್ಣೆ ಇಟ್ಟಿದ್ದವಳು ಉರಿ ಆರಿಸಿ ಬಾಗಿಲಿಗೆ ಬಂದು ನಿಂತೆ. ಈ ವಾಸನೆ ಮೊದಲ ಸಲ ನಮ್ಮ ಬೀದಿಗೆ ಬಂದ ದಿನ ಮೂಲೆಮನೆ ಆಂಟಿ ಮೂಗಿಗೆ ಸೆರಗು ಹಿಡಿದು, "ಯಾರೇ ಅದು, ರಬ್ಬರ್ ಚಪ್ಪಲೀನ ಬಾಣಲೇಲಿ ಹುರೀತಾವ್ರೆ" ಎಂದು ಬೀದಿಗೆಲ್ಲ ಕೇಳುವಂತೆ ಬೈದಿದ್ದರು... ಅವರು ತೀರಿಕೊಂಡು ಎರಡು ವರ್ಷದ ಮೇಲಾಯಿತು.

ಕುರುಬರಹಳ್ಳಿಯಲ್ಲಿ ನಾವು ಬಾಡಿಗೆಗೆ ಬಂದಾಗ ಮೊದಲು ಪರಿಚಯವಾದವರು ಅವರು. ಎತ್ತರದ ಹೆಂಗಸು, ದೊಡ್ಡ ಗಂಟಲು. ಬೀದಿಯ ಈ ತುದಿಯಿಂದ ಕರೆದರೆ ಆ ತುದಿಯ ತರಕಾರಿ ಗಾಡಿ ನಿಲ್ಲುತ್ತಿತ್ತು. ಈ ಲೇಔಟ್ ಆಗುವ ಮೊದಲು ಇಲ್ಲೆಲ್ಲ ರಾಗಿ ಹೊಲ. ಅದರಲ್ಲಿ ಒಂದಷ್ಟು ಅವರ ಮಾವನವರದ್ದೇ. ಹೊಲ ಹೋಗಿ ಸೈಟುಗಳಾದಾಗ ಅವರ ಯಜಮಾನರು ಬೇರೆ ಎಲ್ಲವನ್ನೂ ಬಿಟ್ಟು ಹಟ ಹಿಡಿದು ಈ ಒಂದು ಮೂಲೆ ಸೈಟನ್ನು ಉಳಿಸಿಕೊಂಡಿದ್ದರಂತೆ. ಪೂರ್ವಕ್ಕೊಂದು ರಸ್ತೆ, ಉತ್ತರಕ್ಕೊಂದು ರಸ್ತೆ. ಈಶಾನ್ಯ ಮೂಲೆಯ ಸೈಟು! ಬೆಂಗಳೂರಿನಲ್ಲಿ ಇದರ ಬೆಲೆ ತಿಳಿಯದವರು ಯಾರಿದ್ದಾರೆ? ಈಶಾನ್ಯವೆಂದರೆ ಮನೆಯ ತಲೆ, ಅಲ್ಲಿ ದೇವರಿರುತ್ತಾನೆ, ಅದಕ್ಕೆ ಏಟು ಬಿದ್ದರೆ ಮನೆಯ ಗಂಡುಮಕ್ಕಳಿಗೆ ಏಟು ಎಂದು ಆಂಟಿ ನನಗೆ ಪಾಠದ ಹಾಗೆ ಹೇಳಿಕೊಟ್ಟಿದ್ದರು. ಆ ಮೂಲೆಯಲ್ಲೇ ಅವರ ತುಳಸಿಕಟ್ಟೆ, ಅದರ ಪಕ್ಕಕ್ಕೆ ನೀರಿನ ಸಂಪು, ಸುತ್ತ ಆಳೆತ್ತರದ ಕಾಂಪೌಂಡ್ ಗೋಡೆ.

ನನಗೆ ವಾಸ್ತು ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬಾಡಿಗೆ ಮನೆಯಲ್ಲಿ ಗ್ಯಾಸಿನ ಪೈಪು ಎಲ್ಲಿಗೆ ಎಟುಕುತ್ತದೋ ಅದೇ ನನಗೆ ಆಗ್ನೇಯ. ಇದನ್ನು ಆಂಟಿಯ ಮುಂದೆ ಹೇಳಿದರೆ, "ನಿನ್ನ ಬಾಯಿಗೆ ಬೀಗ ಹಾಕ" ಎಂದು ನಗುತ್ತಿದ್ದರು. ಅವರ ನಂಬಿಕೆ ಮಾತ್ರ ತಮಾಷೆಯದಾಗಿರಲಿಲ್ಲ. ತುಳಸಿಗೆ ನೀರು ಹಾಕದೆ ಒಂದು ಲೋಟ ಕಾಫಿ ಕುಡಿದವರಲ್ಲ.

ಆಗ ಮೇನ್ ರೋಡಿನ ಸಿಗ್ನಲ್ಲಿನಲ್ಲಿ ಗಾಡಿಗಳು ನಿಂತಲ್ಲೇ ನಿಲ್ಲುವುದು ಹೆಚ್ಚಾಗಿತ್ತು. ಫೋನಿನ ಮ್ಯಾಪು ಯಾರಿಗೋ ನಮ್ಮ ಕ್ರಾಸು ತೋರಿಸಿತು, ಅವರಿಂದ ಇನ್ಯಾರಿಗೋ ಗೊತ್ತಾಯಿತು, ನೋಡನೋಡುತ್ತಾ ನಮ್ಮ ಬೀದಿ ಊರಿಗೆಲ್ಲ ಅಡ್ಡದಾರಿಯಾಯಿತು. ಲಗ್ಗೆರೆ ಕಡೆಯಿಂದ ಫ್ಯಾಕ್ಟರಿ ಶಿಫ್ಟಿನವರು, ಊಟದ ಪೆಟ್ಟಿಗೆ ಬೆನ್ನಿಗೆ ಹಾಕಿಕೊಂಡ ಡೆಲಿವರಿ ಹುಡುಗರು, ಸ್ಕೂಲ್ ವ್ಯಾನು, ನೀರಿನ ಟ್ಯಾಂಕರು, ಎಲ್ಲರೂ ಆ ಮೂಲೆಯಲ್ಲೇ ತಿರುಗಬೇಕು. ಗೋಡೆಯ ಈ ಕಡೆ ಇದ್ದವರಿಗೆ ಆ ಕಡೆಯದು ಏನೂ ಕಾಣುತ್ತಿರಲಿಲ್ಲ. ಹಾರನ್ ಮಾಡಿ ನುಗ್ಗುವುದೊಂದೇ ಎಲ್ಲರಿಗೂ ತಿಳಿದಿದ್ದ ವಿದ್ಯೆ.

ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಸೈಕಲ್ ತುಳಿದುಕೊಂಡು ಆ ಮೂಲೆ ದಾಟುವಾಗ ಬೈಕೊಂದು ಬಂದು ಗುದ್ದಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಬೈಕಿನ ಹುಡುಗನೇ ಅವಳನ್ನು ಎತ್ತಿಕೊಂಡು ನಮ್ಮ ಮನೆಗೆ ಓಡಿ ಬಂದ. ಅವಳಿಗಿಂತ ಜೋರಾಗಿ ಅವನೇ ಅಳುತ್ತಿದ್ದ. ಯಾರನ್ನು ಬೈಯಲಿ? ಇಬ್ಬರಿಗೂ ಕಂಡದ್ದು ಗೋಡೆ ಮಾತ್ರ.

ಬೀದಿಯವರೆಲ್ಲ ಸೇರಿ ಪಾಲಿಕೆಯ ವಾರ್ಡ್ ಕಚೇರಿಗೆ ಹೋದೆವು. ಅಲ್ಲಿದ್ದ ಎಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನವನು, ಮಾತು ಕಡಿಮೆ, ಆದರೆ ಹೇಳಿದ ದಿನಕ್ಕೆ ಬಂದ. ಮೊದಲು ಹಂಪ್ ಹಾಕಿಸಿದ. ಬೈಕಿನವರು ಹಂಪಿನ ತುದಿಗೂ ಮೋರಿಗೂ ನಡುವೆ ಇದ್ದ ಗೇಣು ಜಾಗದಲ್ಲಿ ಹಾವಿನ ಹಾಗೆ ನುಸುಳಿಕೊಂಡು ಹೋದರು. ಆಮೇಲೆ ಎದುರಿನ ಕಂಬಕ್ಕೆ ದೊಡ್ಡ ಗುಂಡು ಕನ್ನಡಿ ಹಾಕಿಸಿದ. ಅದರಲ್ಲಿ ಕ್ರಾಪು ಬಾಚಿಕೊಳ್ಳದ ಹುಡುಗ ನಮ್ಮ ಏರಿಯಾದಲ್ಲಿ ಉಳಿಯಲಿಲ್ಲ. ಒಂದು ದಿನ ಟ್ಯಾಂಕರಿನವನು ರಿವರ್ಸ್ ತೆಗೆಯುವಾಗ ಅದನ್ನೂ ಒಡೆದು ಹೋದ. ಎಂಜಿನಿಯರ್ ಬೇಜಾರು ಮಾಡಿಕೊಳ್ಳಲಿಲ್ಲ. ಸ್ಕೂಲ್ ಹೊತ್ತಿಗೆ ಬಂದು ಮೂಲೆಯಲ್ಲಿ ನಿಂತು ನೋಡಿದ, ಕೊನೆಗೆ ಆಂಟಿಯ ಗೇಟು ತಟ್ಟಿದ.

ಆಗ ನಾನೂ ಅಲ್ಲೇ ಇದ್ದೆ. ಗೋಡೆಯ ಮೂಲೆಯನ್ನು ಓರೆಯಾಗಿ ತೆಗೆದು, ಒಂದು ಆಟೋ ನಿಲ್ಲುವಷ್ಟು ಜಾಗ ರಸ್ತೆಗೆ ಬಿಟ್ಟರೆ ಎರಡೂ ಕಡೆಯವರಿಗೆ ದೂರದಿಂದಲೇ ಕಾಣುತ್ತದೆ ಎಂದು ಅವನು ಹೇಳಿದ. "ಬಲವಂತ ಇಲ್ಲಮ್ಮಾ. ನೀವಾಗೇ ಕೊಟ್ರೆ ಮಾತ್ರ."

ಒಳಗಿನಿಂದ ಅವರ ಮಗ ಬಂದ. ಬಸವೇಶ್ವರನಗರದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದ, ಒಬ್ಬನೇ ಮಗ. ಮದುವೆಯಾಗಿ ಎಷ್ಟೋ ವರ್ಷ ಕಾದು, ಹರಕೆ ಹೊತ್ತು, ಆಸ್ಪತ್ರೆ ಅಲೆದು, ಆಗಷ್ಟೇ ಅವನ ಹೆಂಡತಿ ಗರ್ಭಿಣಿಯಾಗಿದ್ದಳು. "ಇಂಥ ಟೈಮಲ್ಲಿ ಈಶಾನ್ಯ ಒಡೀತಾರಾ ಸಾರ್? ಬೇರೆ ಏನಾದ್ರೂ ಕೇಳಿ" ಎಂದು ಕೈ ಮುಗಿದ. ಅವನು ಜಗಳಗಂಟನಲ್ಲ. ಅವನ ಮುಖದಲ್ಲಿದ್ದದ್ದು ಬರೀ ಭಯ. ಎಂಜಿನಿಯರ್ ತಲೆಯಾಡಿಸಿ ಹೊರಟುಹೋದ. ಅಲ್ಲಿಗೆ ಆ ಮಾತು ಮುಗಿಯಿತು ಎಂದೇ ನಾವೆಲ್ಲ ತಿಳಿದುಕೊಂಡೆವು.

ಮಗಳ ಕಾಲಿಗೆ ಹಿಟ್ಟಿನ ಕಟ್ಟು ಹಾಕಿದ್ದಷ್ಟು ಕಾಲವೂ ಆಂಟಿ ಭಾನುವಾರ ತಪ್ಪದೆ ಮೇಕೆ ಕಾಲಿನ ಸೂಪು ಮಾಡಿ ತರುತ್ತಿದ್ದರು. ಮೂಳೆ ಬೇಗ ಕೂಡುತ್ತದೆ ಎಂದು, ಅವಳು ಮುಖ ಸಿಂಡರಿಸಿದರೂ ಬಿಡದೆ ಕುಡಿಸುತ್ತಿದ್ದರು. ಒಂದು ಭಾನುವಾರ ಲೋಟ ಕೆಳಗಿಟ್ಟು, "ಪುಟ್ಟಾ, ಅವತ್ತು ನೀನು ಬರ್ಬೇಕಾದ್ರೆ ನಿಂಗೇನು ಕಾಣಿಸ್ತು?" ಎಂದು ಕೇಳಿದರು.

"ನಿಮ್ಮ ತುಳಸಿ ಕಾಣಿಸ್ತು ಅಜ್ಜಿ. ಗೋಡೆ ಮೇಲೆ, ತುದಿ ಮಾತ್ರ. ಆಮೇಲೆ ಬಿದ್ಬಿಟ್ಟೆ."

ಆಂಟಿ ಅವಳ ತಲೆ ಸವರುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ಹೋಗುವಾಗ ಲೋಟವನ್ನೂ ಮರೆತು ಹೋದರು.

ಆಮೇಲೆ ಕೆಲವು ವಾರ ಅವರ ಮನೆಯಲ್ಲಿ ಏನು ನಡೆಯಿತೋ, ನನಗೆ ಪೂರ್ತಿ ಗೊತ್ತಿಲ್ಲ. ಗೇಟಿನ ಒಳಗಿನಿಂದ ತಾಯಿ ಮಗನ ಜೋರು ಮಾತು ಕೇಳುತ್ತಿತ್ತು, ಒಮ್ಮೆ ಮಗ ಅತ್ತದ್ದೂ ಕೇಳಿತು. ಸೊಸೆಯನ್ನು ಏಳನೇ ತಿಂಗಳ ಶಾಸ್ತ್ರ ಮುಗಿಸಿ ಕೆಂಗೇರಿಯ ತವರಿಗೆ ಕಳಿಸಿಕೊಟ್ಟರು. ಅದಾದ ಮೇಲೆ ಒಂದು ಬೆಳಗ್ಗೆ ನೋಡಿದರೆ ಮೂಲೆಯಲ್ಲಿ ಸುತ್ತಿಗೆ ಹಾರೆ ಹಿಡಿದ ಪಾಲಿಕೆಯ ಕೆಲಸದವರು, ಎಂಜಿನಿಯರ್, ತುಳಸಿಕಟ್ಟೆಯ ಮುಂದೆ ಹೂವು ಹಣ್ಣು ಹರಡಿಕೊಂಡ ಪುರೋಹಿತರು. ಬೀದಿಯವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಬಂದು ನಿಂತೆವು.

ಗೋಡೆ ಒಡೆಯುವ ಮೊದಲು ದೋಷ ಶಾಂತಿಯ ಪೂಜೆ. ಯಾರ ಹೆಸರು, ಯಾರ ನಕ್ಷತ್ರ ಹೇಳಿ ಪೂಜೆ ಶುರುವಾಗುತ್ತದೋ ಅದರ ಒಳ್ಳೆಯದು ಕೆಟ್ಟದ್ದು ಎಲ್ಲ ಅವರಿಗೇ ಸೇರುತ್ತದೆ ಎನ್ನುವುದು ಲೆಕ್ಕ. "ಯಜಮಾನರು ಬಂದು ಕೂತ್ಕೊಳ್ಳಿ" ಎಂದು ಪುರೋಹಿತರು ಕರೆದರು. ಮಗ ಪಂಚೆ ಸರಿಮಾಡಿಕೊಂಡು ಮುಂದೆ ಬಂದ. ಅವನು ಬಗ್ಗುವುದರೊಳಗೆ ಆಂಟಿ ಮಣೆಯ ಮೇಲೆ ಕೂತೇಬಿಟ್ಟರು.

ಪುರೋಹಿತರು ಗಲಿಬಿಲಿಯಾದರು. "ಮಗ ಇದಾರಲ್ಲ ತಾಯಿ, ಅವರು ಕೂತ್ಕೊಳ್ಳಲಿ. ನೀವು..." ಎಂದವರು ಮುಂದಿನ ಮಾತು ನುಂಗಿಕೊಂಡರು.

"ಗಂಡ ಇಲ್ಲದೋಳು ಅಂತ ತಾನೆ ಸ್ವಾಮಿ? ಗೊತ್ತೈತೆ. ಒಳ್ಳೇ ಕೆಲಸದ ಪೂಜೆ ಆಗಿದ್ರೆ ಅವನೇ ಕೂತ್ಕೋತಿದ್ದ. ಇದು ತಪ್ಪಿನ ಪೂಜೆ. ಹೆಸರು ನಂದು ಹೇಳಿ, ನಕ್ಷತ್ರ ನಂದು ಹೇಳಿ. ಇದ್ರಿಂದ ಏನು ಬರೋದಿದ್ರೂ ನನ್ನ ಹುಡುಕ್ಕೊಂಡು ಬರ್ಲಿ."

ಅಡ್ಡದಾರಿ ಹಿಡಿದು ಬಂದ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ಯಾರೂ ಹಾರನ್ ಮಾಡಲಿಲ್ಲ. ಆ ಮೂಲೆಯನ್ನು ನಾನು ಕೊಟ್ಟಿದ್ದರೆ ಅದು ಒಂದಷ್ಟು ಮಣ್ಣು, ಒಂದಷ್ಟು ಇಟ್ಟಿಗೆ. ನಾನು ನಂಬುವವಳಲ್ಲ, ನನಗೆ ಕಳೆದುಕೊಳ್ಳುವುದು ಏನಿತ್ತು? ಅವರು ಅದರ ಒಂದೊಂದು ಮಾತನ್ನೂ ನಂಬಿದ್ದರು. ಕೇಡು ಬರುವುದು ಖಂಡಿತ ಎಂದು ತಿಳಿದೇ, ಯಾರ ಯಾರದೋ ಮಕ್ಕಳಿಗಾಗಿ ಬಾಗಿಲು ತೆಗೆದು ಅದನ್ನು ಒಳಗೆ ಕರೆದರು. ಅಂಥ ಧೈರ್ಯವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಪುರೋಹಿತರು ಕಣ್ಣು ಮುಚ್ಚಿ ಅವರ ಹೆಸರನ್ನೇ ಹೇಳಿದರು. ಪೂಜೆ ಮುಗಿದ ಮೇಲೆ ಆಂಟಿ ತುಳಸಿಯನ್ನು ಬೇರಿನ ಮಣ್ಣು ಸಮೇತ ಅಗೆದು, ಹಸುಗೂಸಿನಂತೆ ಎದೆಗೆ ಒತ್ತಿಕೊಂಡು ಒಳಗೆ ಹೋದರು. ಹೋಗುತ್ತಾ ಎಂಜಿನಿಯರ್ ಕಡೆ ತಿರುಗಿ, "ಬೇಗ ಬೇಗ ಮುಗ್ಸಪ್ಪಾ. ನೋಡಕ್ಕಾಗಲ್ಲ" ಎಂದರು. ಸುತ್ತಿಗೆಯ ಮೊದಲ ಏಟು ಬಿದ್ದಾಗ ಅವರ ಮಗ ಗೇಟಿನ ಕಂಬಕ್ಕೆ ಹಣೆಯಿಟ್ಟು ನಿಂತಿದ್ದ...

ಸಂಜೆಯ ಹೊತ್ತಿಗೆ ಮೂಲೆ ಇರಲಿಲ್ಲ. ವಾರದೊಳಗೆ ಸಂಪು ಮುಚ್ಚಿ, ಓರೆಯಾಗಿ ಸೊಂಟದೆತ್ತರದ ಹೊಸ ಗೋಡೆ ಎದ್ದಿತು. ನಮ್ಮ ಬಾಗಿಲಲ್ಲಿ ನಿಂತರೆ ಆಚೆ ಬೀದಿಯ ಬೇಕರಿಯವರೆಗೂ ಕಾಣುವಂತಾಯಿತು. ಆಗಲೇ ರಸ್ತೆಗೆ ಬಿಳಿ ಪಟ್ಟೆ ಬಳಿದದ್ದು, ಆಗಲೇ ಆಂಟಿ ರಬ್ಬರ್ ಚಪ್ಪಲಿ ಎಂದು ಬೈದದ್ದು. ಸೊಸೆಗೆ ಗಂಡು ಮಗು ಹುಟ್ಟಿತು, ಗುಂಡುಗುಂಡಗಿತ್ತು. ಇನ್ನು ಆಂಟಿ ನಿಶ್ಚಿಂತೆಯಾಗಿರುತ್ತಾರೆ ಎಂದುಕೊಂಡೆ. ಇರಲಿಲ್ಲ. ಅಂದಿನಿಂದ ಪ್ರತಿ ಸಂಜೆ, ಅಂಗಡಿ ಮುಚ್ಚಿ ಮಗನ ಸ್ಕೂಟರ್ ಬರುವವರೆಗೂ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮೊಮ್ಮಗನಿಗೆ ಶೀತವಾದರೂ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಆದರೂ ಆ ಮೂಲೆಯನ್ನು ಕೊಡಬಾರದಿತ್ತು ಎಂದು ಒಂದು ದಿನ, ಒಂದು ಸಲ, ಬೇಸರಕ್ಕಾದರೂ ಅವರ ಬಾಯಲ್ಲಿ ಬರಲಿಲ್ಲ.

ಕೊನೆಗೆ ಅವರನ್ನು ಹಿಡಿದದ್ದು ಸಕ್ಕರೆ ಕಾಯಿಲೆ. ಮೊದಲಿನಿಂದ ಇದ್ದದ್ದೇ, ವಯಸ್ಸಾದ ಮೇಲೆ ಕಿಡ್ನಿಗೆ ಇಳಿಯಿತು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ನಾನು ನೋಡಲು ಹೋದೆ. ಆ ದೊಡ್ಡ ಗಂಟಲು ಪಿಸುಮಾತಾಗಿತ್ತು. ಹತ್ತಿರ ಕೂರಿಸಿಕೊಂಡು, ಕೈ ಹಿಡಿದುಕೊಂಡು ನಕ್ಕರು. ಗೆದ್ದವರ ನಗು ಅದು.

"ನೋಡ್ದೇನೇ? ದಾರಿ ತಪ್ಪಲಿಲ್ಲ. ಸೀದಾ ನನ್ನ ಹತ್ರಕ್ಕೇ ಬಂತು."

ಇದು ಸಕ್ಕರೆ ಕಾಯಿಲೆ ಆಂಟಿ, ಮೂಲೆಗೂ ಇದಕ್ಕೂ ಏನು ಸಂಬಂಧ ಎಂದು ಬಾಯಿ ತುದಿಗೆ ಬಂತು. ಪಕ್ಕದ ಕೋಣೆಯಲ್ಲಿ ಮೊಮ್ಮಗ ಕುಣಿದಾಡುತ್ತಿದ್ದ, ಮಗ ಔಷಧಿ ಕಲಸುತ್ತಿದ್ದ. ಆಂಟಿ ಅವರಿಬ್ಬರ ಸದ್ದನ್ನೂ ಕೇಳುತ್ತಾ ಕಣ್ಣು ಮುಚ್ಚಿಕೊಂಡಿದ್ದರು. ನಾನು, "ಹೌದು ಆಂಟಿ, ನಿಮ್ಮ ಹತ್ರಕ್ಕೇ ಬಂತು" ಎಂದೆ. ಅವರ ಕೈ ನನ್ನ ಕೈಯನ್ನು ಒಮ್ಮೆ ಒತ್ತಿತು.

ಅವರ ಮನೆಯ ಮಹಡಿಯಲ್ಲಿ ಈಗ ರಾಯಚೂರು ಕಡೆಯ ಇಬ್ಬರು ಹುಡುಗರು ಬಾಡಿಗೆಗಿದ್ದಾರೆ, ಡೆಲಿವರಿ ಕೆಲಸ. ಮೊನ್ನೆ ಅವರಲ್ಲೊಬ್ಬ ಗಾಡಿ ಒರೆಸುತ್ತಾ, "ಆಂಟಿ, ಈ ಒಂದ ಮನಿ ಕಾಂಪೌಂಡ್ ಯಾಕ್ರೀ ಹಿಂಗ ಓರೆ ಐತಿ? ಸೈಟ ಹಂಗ ಐತೇನು?" ಎಂದು ಕೇಳಿದ. ಹೇಳಬೇಕೆಂದು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ... ಅಷ್ಟರಲ್ಲಿ ಅವನ ಫೋನ್ ಕೂಗಿತು. ಆರ್ಡರ್ ಬಂದಿತ್ತು. "ಬರ್ತೀನ್ರೀ ಆಂಟಿ" ಎಂದವನೇ ಹೊರಟ.

ಮೂಲೆಗೆ ಎದುರಿನಿಂದ ಸ್ಕೂಲ್ ವ್ಯಾನೊಂದು ಬರುತ್ತಿತ್ತು, ಕಿಟಕಿಯ ತುಂಬ ಮಕ್ಕಳು. ಅವನಿಗೆ ವ್ಯಾನು ಕಂಡಿತು, ವ್ಯಾನಿನವನಿಗೆ ಅವನು ಕಂಡ. ಇವನು ಕಾಲು ಕೊಟ್ಟು ನಿಂತ, ವ್ಯಾನು ತಿರುಗಿಕೊಂಡು ಹೋಯಿತು, ಆಮೇಲೆ ಇವನೂ ಹೋದ. ಅಷ್ಟೇ ನಡೆದದ್ದು. ನೋಡಿದಿರಾ ಆಂಟಿ ಎನ್ನಲು ತಿರುಗಿದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ.