ಎರಡು ಸಾಲಿನ ಚೈನು

ಬೆಳಿಗ್ಗೆ ಕಾರು ಚಾಲೂ ಮಾಡಿದೊಡನೆ ಬಾನೆಟ್ಟಿನೊಳಗೆ ಯಾರೋ ಕೀಲಿಕೈ ಗೊಂಚಲು ಅಲ್ಲಾಡಿಸಿದಂಥ ಸದ್ದು. ಎಣ್ಣೆ ಮೇಲೇರುತ್ತಲೇ ಸುಮ್ಮನಾಗುತ್ತಿತ್ತು. ನನ್ನ ಮೊಣಕಾಲೂ ಬೆಳಿಗ್ಗೆ ಹಾಗೇ ಕಟಕಟ ಅನ್ನುವುದರಿಂದ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಮೊನ್ನೆ ಅದು ಸುಮ್ಮನಾಗಲೇ ಇಲ್ಲ. ಹಾನಗಲ್ಲಿನಿಂದ ಶಿಗ್ಗಾಂವಿಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿ ಇಮಾಮಣ್ಣನ ಗ್ಯಾರೇಜಿನಲ್ಲಿ ನಿಲ್ಲಿಸಿದೆ.

ಇಮಾಮಣ್ಣ ನಮ್ಮ ಯಜಮಾನರ ಗೆಳೆಯ. ಯಜಮಾನರು ಈಗಿಲ್ಲ. ಅಕ್ಕಿಆಲೂರಿನ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಅವರ ಕೆಲಸ, ಈ ಹಳೆಯ ಕಾರು ಅವರ ಹುಚ್ಚು. ಇಬ್ಬರೂ ಸೇರಿ ಎಂಜಿನ್ನು ಬಿಚ್ಚಿ, ಬೇರೆ ಕ್ಯಾಮು, ಗಟ್ಟಿ ಸ್ಪ್ರಿಂಗು ಕೂರಿಸಿ ಅದಕ್ಕೆ ಇಲ್ಲದ ಓಟದ ಸೊಕ್ಕು ಬರಿಸಿದ್ದರು.

"ಇಷ್ಟು ದೂರ ಹೆಂಗ ಬಂದ್ರಿ ವೈನಿ? ಟೈಮಿಂಗ್ ಚೈನ್ ಜೋತು ಬಿದ್ದೈತಿ. ಹರಿದಿದ್ರ ವಾಲ್ವು ಪಿಸ್ಟನ್ನಿಗೆ ಬಡ್ದು ಎಂಜಿನ್ನ ಹೋಗ್ತಿತ್ತು," ಎಂದು ಗದರಿದ ಇಮಾಮಣ್ಣ. ಆಮೇಲೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಈ ಎಂಜಿನ್ನಿಗೆ ಸಾದಾ ಚೈನ್ ತಡ್ಯಾಂಗಿಲ್ರಿ. ಎರಡು ಸಾಲು ಕೊಂಡಿ ಇರೂದು ಬೇಕು, ಹುಬ್ಬಳ್ಳಿಯಿಂದ ತರಿಸ್ಬೇಕು. ಇಲ್ಲಂದ್ರ ಆ ಕ್ಯಾಮು, ಸ್ಪ್ರಿಂಗು ತಗದು ಎಲ್ಲಾ ಮೊದಲಿನಂಗ ಮಾಡಿಬಿಡ್ತೇನಿ, ಸಾದಾ ಚೈನ್ ಸಾಕಾಕ್ಕೇತಿ. ನೀವು ಹೊಡಿಯೂದರ ಎಷ್ಟ ಜೋರು?"

ಮಾತು ಸುಳ್ಳಲ್ಲ. ನಾನು ಹೊರಟರೆ ದುಂಡಸಿಯ ಬಸ್ಸೂ ಹಾರ್ನು ಬಾರಿಸಿ ಬಾರಿಸಿ ಸಾಕಾಗಿ ಮುಂದೆ ಹೋಗುತ್ತದೆ. ಆದರೆ 'ತಗದು' ಎಂದನಲ್ಲ, ಅದು ಎದೆಗೆ ನಾಟಿತು. ಯಜಮಾನರ ಕೈಯ ಕೆಲಸ ಅಂತ ನನ್ನ ಹತ್ತಿರ ಉಳಿದಿರುವುದು ಅದೊಂದೇ.

ಮೊದಲ ಸಲ ಎರಡು ಸಾಲಿನ ಚೈನು ಮನೆಗೆ ಬಂದಾಗ ಮಹಾನವಮಿ. ಖಂಡೇ ಪೂಜೆಗೆಂದು ಪಾನಾ, ಸುತ್ತಿಗೆಗಳ ಜೊತೆ ಅದನ್ನೂ ದೇವರ ಮುಂದಿಟ್ಟರು. ನಮ್ಮ ಅತ್ತೆಯವರು ಉಳಿದ ಸಾಮಾನಿಗೆಲ್ಲ ಒಂದೊಂದು ಬೊಟ್ಟಿಟ್ಟು, ಚೈನಿಗೆ ಮಾತ್ರ ಕೊಂಡಿ ಕೊಂಡಿಗೂ ಅರಿಶಿನ ಕುಂಕುಮ ಹಚ್ಚಿ ಮೇಲೆ ಅಕ್ಷತೆ ಸುರಿದುಬಿಟ್ಟರು. ಯಜಮಾನರು ತಲೆ ಮೇಲೆ ಕೈ ಹೊತ್ತರು.

"ಯವ್ವಾ, ಅದು ಎಂಜಿನ್ ಒಳಗ ಹೋಗೂದೈತಿ!"

"ಅದಕ್ಕ ಈಗ ಹಚ್ಚೇನಿ. ಒಳಗ ಹೋದಮ್ಯಾಲ ಹಚ್ಚಾಕ ಬರ್ತೈತೇನು?"

ಮರುದಿನವೆಲ್ಲ ಅಂಗಳದಲ್ಲಿ ಸೀಮೆಎಣ್ಣೆಯ ಬೋಗುಣಿ. ಅವರು ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ತಿಕ್ಕುತ್ತಿದ್ದರೆ ನಾನು ಎದುರು ಕುಳಿತು ಪಿನ್ನಿನಿಂದ ಅಕ್ಕಿಕಾಳು ಕೆದಕಿ ತೆಗೆಯುತ್ತಿದ್ದೆ. ಕೆಲಸಕ್ಕಿಂತ ನಗುವೇ ಹೆಚ್ಚು. ನೀವು ಏನು ಬೇಕಾದರೂ ಅನ್ನಿ, ಆ ಮಧ್ಯಾಹ್ನ ನನಗೆ ಮತ್ತೆ ಬೇಕು.

ಅಷ್ಟು ಮಾಡಿದ ಎಂಜಿನ್ನನ್ನು ಅವರು ನನ್ನೆದುರು ಜೋರಾಗಿ ಓಡಿಸಿದ್ದು ಒಂದೇ ಸಲ. ಸವಣೂರಿನ ಹತ್ತಿರ ಲಾರಿಯನ್ನು ಹಿಂದೆ ಹಾಕುವಾಗ ನಾನು ಹೆದರಿ ಅವರ ತೋಳು ಹಿಡಿದೆ. ಅಂದಿನಿಂದ ನಾನು ಪಕ್ಕದಲ್ಲಿದ್ದರೆ ಕಾರು ನಡೆದೇ ಹೋಗುತ್ತಿತ್ತು. ಹಿರೇಕೆರೂರಿನ ಮದುವೆಗಳಿಗೆ ನಾವು ಮುಟ್ಟುವಷ್ಟರಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಎದ್ದಿರುತ್ತಿತ್ತು. "ಹಿಂಗ ಹೊಡ್ಯಾಕ ಅಷ್ಟೆಲ್ಲಾ ಯಾಕ ಮಾಡಿದ್ರಿ?" ಎಂದು ಕೇಳಿದರೆ ನಕ್ಕುಬಿಡುತ್ತಿದ್ದರು.

"ಏನ್ ಮಾಡೂಣ್ರಿ ವೈನಿ?" ಇಮಾಮಣ್ಣ ಕಾಯುತ್ತಿದ್ದ.

"ಎರಡು ಸಾಲಿಂದ ಹಾಕ್ರಿ. ಏನೂ ತಗೀಬ್ಯಾಡ್ರಿ."

"ಮತ್ತ ಜೋರ ಹೊಡಿತೀರೇನು?"

"ಹೊಡಿತೇನಿ," ಎಂದೆ. ಧೈರ್ಯದಿಂದಲ್ಲ, ಹಟದಿಂದ.

ನಿನ್ನೆ ಕಾರು ಸಿಕ್ಕಿತು. ಹಾನಗಲ್ಲಿನ ಕಡೆ ತಿರುಗುವ ಮುನ್ನ ಹೆದ್ದಾರಿ ಖಾಲಿಯಾಗಿತ್ತು. ದೇವರ ಮೇಲೆ ಭಾರ ಹಾಕಿ ಎಕ್ಸಿಲರೇಟರ್ ಒತ್ತಿದೆ. ಕಾರು ಒಮ್ಮೆ ಉಸಿರು ಎಳೆದುಕೊಂಡು ನುಗ್ಗಿತು. ಬೆನ್ನು ಸೀಟಿಗೆ ಅಂಟಿತು. ಹೆದರಿಕೆ ಬಂತು, ಹೋಯಿತು, ಕಣ್ಣು ಮಂಜಾಯಿತು. ಕಾಲು ತೆಗೆದು ಬದಿಗೆ ನಿಲ್ಲಿಸಿದೆ. ಇಷ್ಟೊಂದು ಓಟವನ್ನು ಆ ಮನುಷ್ಯ ನನ್ನ ಸಲುವಾಗಿ ಅಷ್ಟು ವರ್ಷ ಕಾಲಡಿಯಲ್ಲೇ ತಡೆದಿಟ್ಟುಕೊಂಡಿದ್ದರೆಂದು ತಿಳಿಯಲು ಅವರ ಜಾಗದಲ್ಲಿ ನಾನು ಕೂರಬೇಕಾಯಿತು.